ಹಳೇ ಸಿನಿಮಾ, ಹಳೇ ತಾರೆಯರ ಬಗ್ಗೆ ಬರೆಯುವುದನ್ನು ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಎರಡು. ಹಳೇ ಕನ್ನಡ ಚಿತ್ರಗಳ ಬಗ್ಗೆ ಬರೆಯಲು ಮಾಹಿತಿ ಎಲ್ಲಿ ಸಿಗುತ್ತದೆ? ನಟಿ ಕಲ್ಪನಾ ಬಗ್ಗೆ ಎಲ್ಲರೂ ಬರೆದಾಗಿದೆಯಲ್ಲ, ಇನ್ನೇನು ಉಳಿದಿದೆ? ಒಂದು ವಾರಪತ್ರಿಕೆಗೆ ಇಂಥ ಲೇಖನಗಳನ್ನು ಬರೆಯುತ್ತಾ ಬಂದಿದ್ದೇನೆ, ಹಾಗಾಗಿ ನನಗೆ ತೋಚಿದ್ದು ಹೇಳುತ್ತೇನೆ. ಎರಡನೆಯದಕ್ಕೇ ಮೊದಲು ಉತ್ತರ.

ಕಲ್ಪನಾ ಬಗ್ಗೆ ಬಹಳ ಬರೆದಿದ್ದಾರೆ, ನಿಜ. ಆದರೆ ಅದರಲ್ಲಿ ಜಾಸ್ತಿ ಪಾಲು ಅವರ ಸಾವಿನ ಬಗ್ಗೆ. 1979ರ ಮೇ ತಿಂಗಳು, ಸಂಕೇಶ್ವರದ ಹತ್ತಿರದ ಗೋಟೂರು, ಅಲ್ಲಿಂದ ಮುಂದೆ ಬರೀ ಕಥೆಗಳು. ಕಂಡವರು ಯಾರೋ, ಹೇಳಿದವರು ಯಾರೋ. ಇನ್ನೂ ಒಂದು ಸಲ ಅದನ್ನೇ ಕೆದಕಿದರೆ ಓದುಗರಿಗೆ ಹೊಸದೇನೂ ಸಿಗುವುದಿಲ್ಲ. ಸತ್ತವರು ಎದ್ದು ಬಂದು 'ಹಾಗಲ್ಲ' ಅನ್ನುವ ಹಾಗೂ ಇಲ್ಲ. ಯಾರು ಯಾರನ್ನು ಇಷ್ಟಪಟ್ಟರು, ಯಾರು ಯಾರಿಗೆ ಕೈಕೊಟ್ಟರು ಅನ್ನುವುದನ್ನು ನಾನಂತೂ ಮುಟ್ಟುವುದಿಲ್ಲ.

ಬದಲಿಗೆ ಹೀಗೆ ಮಾಡಿ ನೋಡಿ. 'ಬೆಳ್ಳಿಮೋಡ' (1967) ಮತ್ತು 'ಶರಪಂಜರ' (1971), ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಎರಡೂ ತ್ರಿವೇಣಿಯವರ ಕಾದಂಬರಿಗಳು, ಎರಡಕ್ಕೂ ಪುಟ್ಟಣ್ಣ ಕಣಗಾಲ್ ನಿರ್ದೇಶಕರು, ಎರಡರಲ್ಲೂ ಕಲ್ಪನಾ ನಾಯಕಿ. ಮೊದಲನೆಯದರಲ್ಲಿ ಒಬ್ಬಳೇ ಮಗಳಾಗಿದ್ದ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತು ಅಂತ ಗೊತ್ತಾದ ಕೂಡಲೇ ಮದುವೆಯಾಗಬೇಕಿದ್ದವನು ಹಿಂದೆ ಸರಿಯುತ್ತಾನೆ. ಮುಂದೆ ಅವನು ಬಿದ್ದು ನರಳುವಾಗ ಅವಳೇ ಆರೈಕೆ ಮಾಡುತ್ತಾಳೆ. ಅವನು ಮನಸ್ಸು ಬದಲಿಸಿ ಮದುವೆಗೆ ಕೇಳಿದಾಗ ಮಾತ್ರ ಒಲ್ಲೆ ಅನ್ನುತ್ತಾಳೆ. ಎರಡನೆಯದರ ಕಾವೇರಿ ಮನೋರೋಗದ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದವಳು. ಆದರೆ ಮನೆಯವರ ಕಣ್ಣಲ್ಲಿ ಅವಳಿನ್ನೂ ಹುಚ್ಚಿಯೇ. ಕೊನೆಗೆ ತಿರುಗಿ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಎರಡರ ನಡುವೆ ನಾಲ್ಕೇ ವರ್ಷ. ಆ ದನಿ, ಕಣ್ಣು, ಕೈ ಆಡಿಸುವ ರೀತಿ ಎಷ್ಟು ಬದಲಾಗಿದೆ ಅನ್ನುವುದನ್ನು ದೃಶ್ಯ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಿ. ಲೇಖನಕ್ಕೆ ಅಷ್ಟೇ ಸಾಕು. ಇನ್ನೂ ಒಂದು ವಿಷಯ ಸೇರಿಸಬಹುದು: ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ. ಕಲ್ಪನಾ ಸಿನಿಮಾಕ್ಕೆ ಬಂದಿದ್ದೂ ಅದೇ ವರ್ಷ, ಬಿ.ಆರ್. ಪಂತುಲು ಅವರ 'ಸಾಕು ಮಗಳು' ಚಿತ್ರದಲ್ಲಿ. ಅಂದರೆ ತಮ್ಮ ಇಂದಿರಾಳನ್ನೂ ಕಾವೇರಿಯನ್ನೂ ತೆರೆಯ ಮೇಲೆ ನೋಡುವ ಭಾಗ್ಯ ಆ ಲೇಖಕಿಗೆ ಸಿಗಲೇ ಇಲ್ಲ.

ಇನ್ನು ಮಾಹಿತಿ. ಮೊದಲ ಆಧಾರ ಚಿತ್ರದ ಟೈಟಲ್ಸೇ. ಹಿನ್ನೆಲೆ ಗಾಯಕರು, ಸ್ಟುಡಿಯೋ, ಸಂಭಾಷಣೆ ಬರೆದವರು, ಎಲ್ಲ ಅಲ್ಲೇ ಇರುತ್ತದೆ. ಯೂಟ್ಯೂಬ್‌ಗೆ ಹಾಕುವವರು ಮೊದಲು ಕತ್ತರಿಸುವುದೂ ಅದನ್ನೇ, ಅದು ನಮ್ಮ ಕರ್ಮ. ಸೆನ್ಸಾರ್ ಸರ್ಟಿಫಿಕೇಟ್ ಕಂಡರೆ ತಾರೀಕು ಬರೆದುಕೊಳ್ಳಿ. ಡಿಸೆಂಬರಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ಬಿಡುಗಡೆಯಾದ ಚಿತ್ರಕ್ಕೆ ಎರಡು ಇಸವಿ ಓಡಾಡುತ್ತಿರುತ್ತದೆ, ಜಗಳವೆಲ್ಲ ಅಲ್ಲಿಂದಲೇ.

ಎರಡನೆಯದು ಹಾಡಿನ ಪುಸ್ತಕ. ಟಾಕೀಸಿನ ಹತ್ತಿರ ಚಿಲ್ಲರೆ ಕಾಸಿಗೆ ಮಾರುತ್ತಿದ್ದ, ಕೈಯಲ್ಲಿ ಹಿಡಿದರೆ ಪುಡಿಯಾಗುವಂಥ ಅಗ್ಗದ ಕಾಗದದ ಪುಸ್ತಕ. ಒಳಗೆ ಪಾತ್ರವರ್ಗ, ತಾಂತ್ರಿಕ ವರ್ಗ, ಕಥಾಸಾರ, ಆಮೇಲೆ ಹಾಡುಗಳು. ಕಥಾಸಾರ ಯಾವಾಗಲೂ ಸರಿಯಾಗಿ ಕುತೂಹಲ ಕೆರಳುವ ಜಾಗದಲ್ಲಿ ನಿಂತು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಅನ್ನುತ್ತದೆ! ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರ ಹತ್ತಿರ ಕೇಳಿ ನೋಡಿ. ಹಳೆಯ 'ರೂಪತಾರಾ', 'ವಿಜಯಚಿತ್ರ' ಸಿನಿಮಾ ಪತ್ರಿಕೆಗಳ ಸಂಚಿಕೆ ಸಿಕ್ಕರೆ ಬಿಡಬೇಡಿ. ಅದರ ಜಾಹೀರಾತುಗಳೂ ದಾಖಲೆಯೇ.

ಚಿತ್ರವೇ ಇಲ್ಲದಿದ್ದರೆ ಈ ಕಾಗದಗಳೇ ಗತಿ. 1934ರ ಮಾರ್ಚ್‌ನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಇವತ್ತು ನೋಡಲು ಸಿಗುವುದಿಲ್ಲ. ಕೊಲ್ಹಾಪುರದಲ್ಲಿ ಚಿತ್ರೀಕರಣವಾದದ್ದು, ರಾವಣನಾಗಿ ಆರ್. ನಾಗೇಂದ್ರರಾವ್, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಇಷ್ಟೆಲ್ಲ ಗೊತ್ತು. ಆದರೆ ಅವರ ನಟನೆ ಹೇಗಿತ್ತು ಅಂತ ನಾವು ಬರೆಯುವ ಹಾಗಿಲ್ಲ.

'ಮೊದಲ' ಅನ್ನುವ ಪದ ಕಂಡಾಗಲೆಲ್ಲ ನಿಲ್ಲಿ. ರಾಜ್‌ಕುಮಾರ್ ಮೊದಲು ಹಾಡಿದ್ದು 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಅಂತ ಎಷ್ಟು ಕಡೆ ಓದಿಲ್ಲ ನಾವು? 1959ರ 'ಮಹಿಷಾಸುರ ಮರ್ದಿನಿ'ಯಲ್ಲೇ ಎಸ್. ಜಾನಕಿ ಜೊತೆ ಅವರ ಯುಗಳಗೀತೆ ಇದೆ. 'ಬೇಡರ ಕಣ್ಣಪ್ಪ' (1954) ಅವರು ನಾಯಕರಾದ ಮೊದಲ ಚಿತ್ರ, ಸರಿ. ಆದರೆ 1952ರ 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಚಿಕ್ಕ ಪಾತ್ರದಲ್ಲಿ ಬಂದು ಹೋಗಿದ್ದಾರೆ. ತಂದೆ ಪುಟ್ಟಸ್ವಾಮಯ್ಯ ನಟರು, ಮಗ ಬೆಳೆದದ್ದು ನಾಟಕ ಕಂಪನಿಯಲ್ಲಿ, ಗುಬ್ಬಿ ಕಂಪನಿಯಲ್ಲಿ. ಮೈಕಿಲ್ಲದ ಕಾಲದ ರಂಗದ ಮೇಲೆ ಹಿಂದಿನ ಸಾಲಿನವರಿಗೂ ಮಾತು ತಲುಪಬೇಕಿತ್ತು. ಅವರ ಉಚ್ಚಾರ ಯಾಕೆ ಅಷ್ಟು ಸ್ಪಷ್ಟ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ ಅಲ್ವಾ? ಬದುಕಿನ ಇಂಥ ಸಂಗತಿ ಬರೆಯಿರಿ, ಯಾಕಂದರೆ ಅದು ಕೆಲಸದಲ್ಲಿ ಕಾಣುತ್ತದೆ.

ಆ ಕಾಲದಲ್ಲಿ ಸೆಟ್‌ನಲ್ಲಿ ಕೆಲಸ ಮಾಡಿದ ಹಿರಿಯರು ನಿಮ್ಮ ಊರಲ್ಲಿದ್ದರೆ ಮಾತಾಡಿಸಿ. 'ಕಲ್ಪನಾ ಹೇಗಿದ್ದರು?' ಅಂತ ಮಾತ್ರ ಕೇಳಬೇಡಿ, ಹತ್ತು ಕಡೆ ಹೇಳಿದ್ದನ್ನೇ ಹೇಳುತ್ತಾರೆ. ಸೆಟ್‌ಗೆ ಎಷ್ಟು ಹೊತ್ತಿಗೆ ಬರುತ್ತಿದ್ದರು, ಸಂಭಾಷಣೆ ಹೇಗೆ ಕಲಿಯುತ್ತಿದ್ದರು, ಬಿಡುವಿನಲ್ಲಿ ಎಲ್ಲಿ ಕೂರುತ್ತಿದ್ದರು ಅಂತ ಕೇಳಿ. ಅವರು ಹೇಳಿದ ಇಸವಿಗಳನ್ನು ಮನೆಗೆ ಬಂದು ಹಾಡಿನ ಪುಸ್ತಕದ ಜೊತೆ ತಾಳೆ ನೋಡಿ.