ಎಟಿಎಂ ಕಾರ್ಡಿಗೊಂದು ದಾರದ ಪರೀಕ್ಷೆ

ಪ್ರಶ್ನೆ: ಎಟಿಎಂ ಕಾರ್ಡು, ನೋಟು, ಎ4 ಹಾಳೆ, ಬೇಲೂರು ದೇವಸ್ಥಾನ ಎಲ್ಲಾ ಗೋಲ್ಡನ್ ರೇಶಿಯೋದಲ್ಲೇ, ಅಂದ್ರೆ ಉದ್ದವನ್ನ ಅಗಲದಿಂದ ಭಾಗಿಸಿದ್ರೆ 1.618 ಬರೋ ಹಂಗೇ ಇರೋದಂತೆ, ಅದಕ್ಕೇ ಕಣ್ಣಿಗೆ ಚೆಂದವಂತೆ, ವಾಟ್ಸಾಪಲ್ಲಿ ಬಂದಿತ್ತು. ನಮ್ಮ ಹೈಸ್ಕೂಲ್ ಹುಡುಗ ಸ್ಕೇಲ್ ಹಿಡ್ಕೊಂಡು ಮನೆಯೆಲ್ಲಾ ಅಳೀತಿದಾನೆ, ಒಂದೂ ತಾಳೆ ಆಗ್ತಿಲ್ಲ ಅಂತಾನೆ. ಲೆಕ್ಕ ತಪ್ಪಾ?
– ಓದುಗರೊಬ್ಬರು, ಹಾಸನ

ಉತ್ತರ: ಹುಡುಗನ ಲೆಕ್ಕ ಸರಿಯಾಗೇ ಇದೆ, ಫಾರ್ವರ್ಡ್ ಮಾಡ್ದೋರು ಸ್ಕೇಲ್ ಮುಟ್ಟಿಲ್ಲ ಅಷ್ಟೇ. ಎಟಿಎಂ ಕಾರ್ಡು 85.6 ಮಿ.ಮೀ. ಉದ್ದ, 53.98 ಅಗಲ, ಭಾಗಿಸಿದ್ರೆ 1.586. ಹತ್ರ ಬಂದು ತಪ್ಪಿದೆ. 500ರ ಹೊಸ ನೋಟು 150ಕ್ಕೆ 66, ಅಂದ್ರೆ 2.27, ಅದು ಆ ಕಡೆ ತಲೆ ಹಾಕೂ ಮಲಗಿಲ್ಲ.

ಸ್ಕೇಲೇ ಬೇಡ, ಎರಡು ಎಟಿಎಂ ಕಾರ್ಡು ತಗೊಳ್ಳಿ. ಟೇಬಲ್ ಮೇಲೆ ಒಂದನ್ನ ಅಡ್ಡಡ್ಡ ಇಟ್ಟು ಅದರ ಬಲಕ್ಕೆ ತಾಗಿಸಿ ಇನ್ನೊಂದನ್ನ ಉದ್ದುದ್ದ ಇಡಿ, ಎರಡರ ಕೆಳಗಿನ ಅಂಚೂ ಒಂದೇ ಗೆರೇಲಿರ್ಲಿ, ಆಮೇಲೆ ಅಡ್ಡ ಕಾರ್ಡಿನ ಎಡಗಡೆ ಕೆಳಮೂಲೆಯಿಂದ ಅದರ ಬಲಗಡೆ ಮೇಲ್ಮೂಲೆ ಹಾಯೋ ಹಂಗೆ ದಾರ ಎಳೆದು ಹಂಗೇ ನೇರ ಮುಂದಕ್ಕೆ ತಗೊಂಡೋಗಿ. 1.618 ಇದ್ರೆ ದಾರ ಉದ್ದುದ್ದ ಇಟ್ಟ ಕಾರ್ಡಿನ ಬಲಗಡೆ ಮೇಲ್ಮೂಲೆಗೆ ಸರಿಯಾಗಿ ಕೂರತ್ತೆ. ಎಟಿಎಂ ಕಾರ್ಡಲ್ಲಿ ಮೂಲೆಗಿಂತ ಎರಡೂವರೆ ಮಿ.ಮೀ.ನಷ್ಟು ಮೇಲೆ ಹೋಗತ್ತೆ. ಎ4ನಲ್ಲಂತೂ ಆರು ಸೆಂ.ಮೀ.!

ಹಂಗಂತ ಎ4ನ ಬೈಬೇಡಿ. 297ಕ್ಕೆ 210, ಅದು ಎರಡರ ವರ್ಗಮೂಲ, 1.414. ಅರ್ಧಕ್ಕೆ ಮಡಿಸಿದ್ರೂ ಅದೇ ಆಕಾರ ಉಳೀಲಿ ಅಂತಾನೇ ಇಟ್ಟಿರೋದು, ಜೆರಾಕ್ಸ್ ಅಂಗಡೀಲಿ ಎ3ನ ಎ4ಗೆ ಇಳಿಸುವಾಗ ಸುತ್ತ ಬಿಳಿ ಪಟ್ಟಿ ಬೀಳದೇ ಇರೋದು ಅದಕ್ಕೇ. ಗೋಲ್ಡನ್ ಆಯತದ್ದು ಬೇರೆ ಗುಣ, ಒಂದು ಚೌಕ ಕತ್ತರಿಸಿ ತೆಗೆದ್ರೆ ಉಳಿದ ಚೂರು ಮತ್ತೆ ಅದೇ ಆಕಾರ. ನನಗೆ ಕೇಳಿದ್ರೆ ದಿನಾ ಕೆಲಸಕ್ಕೆ ಬರೋದು ಎ4ದೇ.

ಬೇಲೂರು? ದೇವಸ್ಥಾನ ನಿಂತಿರೋ ಆ ನಕ್ಷತ್ರದಾಕಾರದ ಕಟ್ಟೆ, ಜಗತಿ ಮೇಲೆ ಟೇಪ್ ಎಲ್ಲಿಂದ ಎಲ್ಲಿಗೆ ಹಿಡೀತೀರಿ ಹೇಳಿ, ಬೇಕಾದ ಉತ್ತರ ಬರೋ ಮೂಲೆ ಹುಡುಕಿದ್ರೆ ಯಾವ ನಂಬರ್ ಬೇಕಾದ್ರೂ ಸಿಗತ್ತೆ.

1.618 ಬೇಕೇ ಬೇಕಂದ್ರೆ ಹುಡುಗನ ಛಂದಸ್ಸಿನ ಪಾಠ ತೆಗೆಸಿ. ಲಘು ಒಂದು ಮಾತ್ರೆ, ಗುರು ಎರಡು. ಮೂರು ಮಾತ್ರೆಯ ಗಣ 3 ಥರ ಬರತ್ತೆ, ನಾಲ್ಕರದ್ದು 5, ಐದರದ್ದು 8, ಆರರದ್ದು 13. ಹಿಂದಿನೆರಡು ಕೂಡಿಸಿದ್ರೆ ಮುಂದಿಂದು. ಇಟಲಿಯ ಫಿಬೊನಾಚಿ 1202ರಲ್ಲಿ ಇದನ್ನ ಬರೆಯೋಕೆ ಮುಂಚೆನೇ ನಮ್ಮ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿಗೋಸ್ಕರ ಎಣಿಸಿಟ್ಟಿದ್ದ. 13ನ್ನ 8ರಿಂದ ಭಾಗಿಸಿ, 1.625, ಅಂದ್ರೆ 1.618ರ ಪಕ್ಕದಲ್ಲೇ. ಹಳೇ ಲಗ್ನಪತ್ರಿಕೆ ರಟ್ಟಲ್ಲಿ 13 ಸೆಂ.ಮೀ.ಗೆ 8ರಂತೆ ಎರಡು ಕತ್ತರಿಸಿ ಅದೇ ದಾರ ಹಿಡಿಯೋಕೆ ಹೇಳಿ, ಮೂಲೆಗೆ ಒಂದು ಮಿ.ಮೀ. ಕೂಡ ವ್ಯತ್ಯಾಸ ಬರಲ್ಲ.