‘ಸಣ್ಣಗೆ ಕಂಡರಂತೆ’ ಎಂದಿದ್ದೀರಲ್ಲ, ಅದನ್ನೇ ಬರೆಯಿರಿ

ಪ್ರಿಯರೆ,

ರಂಗನಟ ಬಳ್ಳಾರಿ ರಾಘವರನ್ನು ಕುರಿತ ನಿಮ್ಮ 14 ಪುಟಗಳ ಲೇಖನ ಕೈಸೇರಿ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ವಿಶೇಷಾಂಕಕ್ಕೆ ತೆಗೆದುಕೊಳ್ಳಲಾರೆ. ಆದರೆ ಸಿರುಗುಪ್ಪದಲ್ಲಿ ಶಾಲೆಯ ಕೆಲಸ ಮುಗಿಸಿ ರಾತ್ರಿ ಕೂತು ಬರೆದೆ ಎಂದು ಹೇಳಿದ್ದೀರಿ. ಅಂಥ ದುಡಿಮೆಗೆ ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲಿನ ಚೀಟಿ ಕಳಿಸಲು ಮನಸ್ಸಾಗಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ. ‘ಮಂತ್ರಮುಗ್ಧ’ ಏಳು ಕಡೆ ಬಂದಿದೆ. ‘ಕಲಾಸರಸ್ವತಿಯ ವರಪುತ್ರ’ ಮೂರು ಕಡೆ. ರಾಘವರು ಬಾಯಿ ತೆರೆದಾಗಲೆಲ್ಲ ಸಭೆ ‘ಕಿಕ್ಕಿರಿದು’ ತುಂಬಿರುತ್ತದೆ. ಅವರು ಕೆಮ್ಮಿದ್ದು, ಸಿಟ್ಟು ಮಾಡಿದ್ದು, ಮಾತು ಮರೆತದ್ದು ಎಲ್ಲಿಯೂ ಇಲ್ಲ. ನೀವು ಒಕ್ಕಲುತನದ ಮನೆಯವರು, ನಿಮಗೆ ಹೀಗೆ ಹೇಳಿದರೆ ತಿಳಿದೀತು: ರಾಶಿ ಮಾಡಿದ್ದೀರಿ, ತೂರಿಲ್ಲ. ಕಾಳೂ ಹೊಟ್ಟೂ ಒಂದೇ ಚೀಲದಲ್ಲಿ ಬಂದಿವೆ.

ತಪ್ಪುಗಳೂ ಇವೆ. ‘ಸಿನಿಮಾ ಮಾತಾಡಲು ಕಲಿತಾಗ ಅದಕ್ಕೆ ಮೊದಲ ದನಿ ಕೊಟ್ಟವರು ರಾಘವರು’ ಎಂದು ಬರೆದಿದ್ದೀರಿ. ಕೇಳಲು ಚಂದ, ಆದರೆ ಸುಳ್ಳು. ಹಿಂದಿಯ ‘ಆಲಂ ಆರಾ’ 1931ರಲ್ಲಿ, ತೆಲುಗಿನ ‘ಭಕ್ತ ಪ್ರಹ್ಲಾದ’ 1932ರಲ್ಲಿ, ನಮ್ಮ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ಬಂದವು. ರಾಘವರ ಮೊದಲ ಚಿತ್ರ ‘ದ್ರೌಪದಿ ಮಾನಸಂರಕ್ಷಣಂ’ ಬಂದದ್ದು 1936ರಲ್ಲಿ. ಆಮೇಲಿನವು 1939ರ ‘ರೈತುಬಿಡ್ಡ’, 1940ರ ‘ಚಂಡಿಕ’. ಮೂರೂ ತೆಲುಗಿನವು. ಎರಡನೆಯದನ್ನು ನೀವು ‘ರೈತನ ಮಗ’ ಎಂದು ಅನುವಾದಿಸಿ ಕನ್ನಡ ಚಿತ್ರಗಳ ಸಾಲಿಗೆ ಸೇರಿಸಿದ್ದೀರಿ. ಅಭಿಮಾನಕ್ಕೂ ಒಂದು ಮಿತಿ ಬೇಕು ಸ್ವಾಮಿ.

ಇದೇ ಅಭಿಮಾನ ಮೂರನೆಯ ಪುಟದಿಂದ ಆರನೆಯ ಪುಟದವರೆಗೂ ‘ರಾಘವರು ನಮ್ಮವರೋ ಆಂಧ್ರದವರೋ’ ಎಂಬ ವ್ಯಾಜ್ಯವಾಗಿ ಹರಿದಿದೆ. ಅಷ್ಟನ್ನೂ ತೆಗೆದುಹಾಕಿ. ಅವರು ಹುಟ್ಟಿದ್ದು 1880ರ ಆಗಸ್ಟ್ 2ರಂದು, ಈಗ ಆಂಧ್ರದಲ್ಲಿರುವ ತಾಡಿಪತ್ರಿಯಲ್ಲಿ. ವಕೀಲಿಕೆ ಮಾಡಿದ್ದು, ಸರ್ಕಾರಿ ವಕೀಲರಾದದ್ದು, ಬಣ್ಣ ಹಚ್ಚಿದ್ದು ಬಳ್ಳಾರಿಯಲ್ಲಿ. ತೀರಿಕೊಂಡದ್ದು 1946ರ ಏಪ್ರಿಲ್‌ನಲ್ಲಿ, ಆಗ ಎರಡೂ ಊರು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಅವರು ಹೋಗಿ ಏಳು ವರ್ಷದ ಮೇಲೆ. ಕನ್ನಡದಲ್ಲೂ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಪಾತ್ರ ಮಾಡಿದ ಮನುಷ್ಯನನ್ನು ಯಾವ ರಾಜ್ಯದ ಖಾತೆಗೆ ಜಮಾ ಮಾಡುತ್ತೀರಿ? ಬಳ್ಳಾರಿಯ ಬ್ರೂಸ್‌ಪೇಟೆಯಲ್ಲೋ ಕೌಲ್‌ಬಜಾರಿನಲ್ಲೋ ಒಂದು ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಗಿರಾಕಿ ತೆಲುಗಿನಲ್ಲಿ ಕೇಳುತ್ತಾನೆ, ಅಂಗಡಿಯವ ಕನ್ನಡದಲ್ಲಿ ರೇಟು ಹೇಳುತ್ತಾನೆ, ಚೌಕಾಸಿ ಉರ್ದುವಿನಲ್ಲಿ ನಡೆಯುತ್ತದೆ. ಆ ಊರಿನ ನಟ ಅವರು. ಆ ಮೂರೂವರೆ ಪುಟಗಳಿಗೆ ಬದಲು ಇಂಥದೊಂದು ಕಂಡಿಕೆ ಸಾಕು.

ನಾಟಕಕಾರ ಬರ್ನಾರ್ಡ್ ಷಾ ಪ್ರಸಂಗವನ್ನೂ ಬಿಡಿ. ರಾಘವರು ಲಂಡನ್ನಿಗೆ ಹೋದದ್ದು ನಿಜ, ಷಾ ಅವರನ್ನು ಕಂಡದ್ದೂ ನಿಜ. ಷಾ ಆಡಿದ ಮಾತು ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಬೆಳೆದಿದೆ. ನೀವು ಉದ್ಧರಣ ಚಿಹ್ನೆ ಹಾಕಿ ಐದು ವಾಕ್ಯ ಆಡಿಸಿದ್ದೀರಿ, ಪಕ್ಕದಲ್ಲೇ ಕೂತು ಕೇಳಿದವರ ಹಾಗೆ. ದೊಡ್ಡವರ ಸರ್ಟಿಫಿಕೇಟು ತೋರಿಸದಿದ್ದರೆ ನಮ್ಮ ನಟ ಸಣ್ಣವನಾಗಿಬಿಡುತ್ತಾನೆ ಎಂಬ ಅಂಜಿಕೆ ಯಾಕೆ?

ಇನ್ನು ಈ ಲೇಖನವನ್ನು ನಾನು ಎರಡನೇ ಸಲ ಯಾಕೆ ಓದಿದೆ ಅನ್ನುವುದು. ಹನ್ನೊಂದನೆಯ ಪುಟದ ಕೆಳಗೆ, ಚಿತ್ರಗಳ ಹೆಸರು ಹೇಳಿ ಮುಗಿಸುವ ಅವಸರದಲ್ಲಿ, ಒಂದು ಅರ್ಧ ವಾಕ್ಯ ಇದೆ: ‘ಟೂರಿಂಗ್ ಟಾಕೀಸಿನಲ್ಲಿ ರೈತುಬಿಡ್ಡ ನೋಡಿದ್ದ ನಮ್ಮ ಅಜ್ಜ, ಪರದೆಯ ಮೇಲೆ ಅವರು ಸಣ್ಣಗೆ ಕಂಡರಂತೆ ಎಂದು ಹೇಳುತ್ತಿದ್ದರಾದರೂ...’ ಆ ‘ಆದರೂ’ ಆದಮೇಲೆ ಮತ್ತೆ ವರಪುತ್ರ, ಮತ್ತೆ ಮಂತ್ರಮುಗ್ಧ. ನಿಮ್ಮ ಕೈಯಲ್ಲಿದ್ದ ಒಂದೇ ಒಂದು ಬಂಗಾರದ ಚೂರನ್ನು ನೀವೇ ಮಣ್ಣಲ್ಲಿ ಹೂತಿದ್ದೀರಿ.

ಪರದೆ ದೊಡ್ಡದು. ಅದರ ಮೇಲೆ ಮುಖ ಆಳೆತ್ತರ ಕಾಣುತ್ತದೆ. ಅಂಥಲ್ಲಿ ಒಬ್ಬ ನಟ ಸಣ್ಣಗೆ ಕಂಡದ್ದು ಹೇಗೆ? ಇದೇ ನಿಮ್ಮ ಲೇಖನ. ಉಳಿದದ್ದೆಲ್ಲ ಅದಕ್ಕೆ ಹಿನ್ನೆಲೆ.

ಆ ಕಾಲದ ಚಿತ್ರೀಕರಣ ಹೇಗಿತ್ತು ಅನ್ನುವುದು ನಿಮ್ಮಲ್ಲಿ ಒಂದು ಸಾಲೂ ಇಲ್ಲ. ತೆಲುಗು, ಕನ್ನಡದ ಮೊದಮೊದಲ ವಾಕ್ಚಿತ್ರಗಳಿಗಾಗಿ ನಟರು ಮುಂಬಯಿ, ಕಲ್ಕತ್ತಾ, ಕೊಲ್ಹಾಪುರಗಳಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕಿತ್ತು. ‘ಸತಿ ಸುಲೋಚನ’ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಚಿತ್ರ ತೆಗೆಯುವಾಗಲೇ ಧ್ವನಿಯನ್ನೂ ಹಿಡಿಯಬೇಕು. ಆಮೇಲೆ ಬೇರೆ ಕೂತು ಮಾತು ಸೇರಿಸುವುದು, ಬೇರೆಯವರಿಂದ ಹಾಡಿಸುವುದು ಇನ್ನೂ ರೂಢಿಗೆ ಬಂದಿರಲಿಲ್ಲ. ಹಾಡುವವನು ಅಲ್ಲೇ ಹಾಡಬೇಕು, ಬಾರಿಸುವವರು ಚೌಕಟ್ಟಿನ ಆಚೆ ಬಾರಿಸಬೇಕು. ಮೈಕು ಎಲ್ಲಿದೆಯೋ ದನಿಯೂ ಅಲ್ಲೇ ಬೀಳಬೇಕು, ಎರಡು ಹೆಜ್ಜೆ ಆಚೆ ಸರಿದರೆ ಮಾತು ತೆಳುವಾಗುತ್ತದೆ. ಮೇಲೆ ಸುಡುವ ದೀಪಗಳು, ಎದುರಿಗೆ ಪ್ರೇಕ್ಷಕರಿಲ್ಲ. ಮೂವತ್ತು ವರ್ಷ ಸಭೆಯ ಉಸಿರು ನೋಡಿಕೊಂಡು ಮಾತಿನ ಗತಿ ಬದಲಿಸಿದವನಿಗೆ ಇದು ಎಂಥ ಅನಾಥ ಜಾಗ ಎಂದು ಯೋಚಿಸಿ.

ಇಲ್ಲೊಂದು ತೊಡಕಿದೆ. ಕಂಠವನ್ನು ನಂಬಿ ಬದುಕಿದ ರಂಗನಟ ಕ್ಯಾಮೆರಾದ ಮುಂದೆ ಸೋತ ಎಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಕುರುಗೋಡು ಕಡೆಯ ನಮ್ಮ ಊರಲ್ಲಿ, ತೊಡೆ ಮುರಿಸಿಕೊಂಡು ಬಿದ್ದ ದುರ್ಯೋಧನ ‘ಒನ್ಸ್ ಮೋರ್’ ಕೂಗಿಗೆ ಎದ್ದು ಕೂತು, ಹಾರ್ಮೋನಿಯಂ ಮಾಸ್ತರರಿಗೆ ಸನ್ನೆ ಮಾಡಿ, ಪದ್ಯ ಹಾಡಿ ಮತ್ತೆ ಮಲಗಿದ್ದನ್ನು ನಾನೇ ಕಂಡಿದ್ದೇನೆ. ರಾಘವರು ದಂಗೆ ಎದ್ದದ್ದೇ ಇದರ ವಿರುದ್ಧ. ರಾಗಾಲಾಪದ ಪದ್ಯಗಳನ್ನು ಹಿಂದಕ್ಕೆ ಸರಿಸಿ ಮಾತಿಗೆ, ಮುಖಕ್ಕೆ, ಮೌನಕ್ಕೆ ಜಾಗ ಕೊಟ್ಟವರು ಅವರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಹಟ ಹಿಡಿದು ಕೊಮ್ಮೂರಿ ಪದ್ಮಾವತಿದೇವಿ, ಕೊಪ್ಪರಪು ಸರೋಜಿನಿಯಂಥವರನ್ನು ರಂಗಕ್ಕೆ ತಂದವರು. ಲೆಕ್ಕಕ್ಕೆ ಕ್ಯಾಮೆರಾ ಕಾಯುತ್ತಿದ್ದದ್ದು ಇಂಥ ನಟನಿಗೇ. ಆದರೆ 1936ರ ಸಿನಿಮಾ ಕಿರೀಟ, ಗದೆ, ಪದ್ಯಗಳನ್ನು ನಾಟಕದಿಂದಲೇ ಹೊತ್ತು ತಂದಿತ್ತು. ರಂಗದಿಂದ ಅವರು ಹೊರಗೆ ಹಾಕಿದ್ದು ಸ್ಟುಡಿಯೊ ಬಾಗಿಲಲ್ಲಿ ಅವರಿಗಿಂತ ಮೊದಲೇ ಬಂದು ನಿಂತಿತ್ತು. ಅದೇ ವರ್ಷ, ಅದೇ ಕಥೆಯ ಮೇಲೆ ‘ದ್ರೌಪದಿ ವಸ್ತ್ರಾಪಹರಣಂ’ ಎಂಬ ಎದುರಾಳಿ ಚಿತ್ರ ಬಂತು. ಜನ ಅದನ್ನು ಗೆಲ್ಲಿಸಿದರು, ರಾಘವರಿದ್ದ ಚಿತ್ರ ಸೋತಿತು. ನೀವು ಇದನ್ನು ‘ಅಪಾರ ಜನಮನ್ನಣೆ ಗಳಿಸಿತು’ ಎಂದು ದಾಟಿಸಿದ್ದೀರಿ. ಸೋತದ್ದನ್ನು ಸೋತಿತು ಎಂದೇ ಬರೆಯಿರಿ, ರಾಘವರ ಮರ್ಯಾದೆಗೆ ಏನೂ ಆಗುವುದಿಲ್ಲ.

‘ರೈತುಬಿಡ್ಡ’ಕ್ಕೆ ಪೂರ್ತಿ ಎರಡು ಪುಟ ಕೊಡಿ. ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶನ. ಕಿರೀಟವಿಲ್ಲದ ಪಾತ್ರ, ನರಸಿರೆಡ್ಡಿ ಎಂಬ ರೈತ. ಸಾಹುಕಾರನ ಸಾಲದಲ್ಲಿದ್ದೂ ಚುನಾವಣೆಯಲ್ಲಿ ಜಮೀನ್ದಾರರ ಕಡೆಯ ಅಭ್ಯರ್ಥಿಗೆ ಮತ ಹಾಕಲು ಒಪ್ಪದವನು. ಜಮೀನ್ದಾರರು ಚಿತ್ರದ ಮೇಲೆ ಹರಿಹಾಯ್ದರು, ಕೆಲವು ಕಡೆ ನಿಷೇಧವೂ ಬಿತ್ತು. ತಮಾಷೆ ಎಂದರೆ ಅದನ್ನು ತಯಾರಿಸಿದ ಸಂಸ್ಥೆಯ ಬೆನ್ನಿಗೆ ನಿಂತಿದ್ದವರು ಚಲ್ಲಪಲ್ಲಿಯ ಜಮೀನ್ದಾರರೇ! ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸಿ ಪಳಗಿದ ವಕೀಲರು, ಸುಮಾರು 59ರ ವಯಸ್ಸಿನಲ್ಲಿ, ಸಾಲಗಾರ ರೈತನಾಗಿ ತಲೆ ತಗ್ಗಿಸಿ ನಿಂತು ಆಮೇಲೆ ತಲೆ ಎತ್ತುವುದನ್ನು ನಿಮ್ಮ ಅಜ್ಜ ನೋಡಿದ್ದಾರೆ. ‘ಸಣ್ಣಗೆ’ ಎಂಬ ಮಾತು ಬಂದದ್ದು ಅಲ್ಲಿಂದಲೋ ಏನೋ. ಅದು ಬೈಗುಳವಾಗಿರದೆ ಮೆಚ್ಚುಗೆಯೂ ಆಗಿರಬಹುದು.

ಇನ್ನೊಂದು ಹೋಲಿಕೆ ನಿಮಗೆ ಉಪಯೋಗಕ್ಕೆ ಬರಬಹುದು. ‘ಸತಿ ಸುಲೋಚನ’ದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ನಾಟಕ ಕಂಪನಿಯ ಅನ್ನ ಉಂಡವರು. ಕಂಪನಿ ನಡೆದರೆ ಒಲೆ ಉರಿಯುತ್ತಿತ್ತು, ಸಿನಿಮಾ ಅವರಿಗೆ ಬದುಕಿನ ಮುಂದಿನ ದಾರಿ. ರಾಘವರು ಹಾಗಲ್ಲ. ಸೋದರಮಾವ ಧರ್ಮಾವರಂ ರಾಮಕೃಷ್ಣಾಚಾರ್ಯರು ವಕೀಲರು, ನಾಟಕಕಾರರು. ಬಳ್ಳಾರಿಯ ಇನ್ನೊಬ್ಬ ನಾಟಕಕಾರ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರೇ. ಹಗಲು ಕೋರ್ಟು, ರಾತ್ರಿ ಸರಸ ವಿನೋದಿನಿ ಸಭೆ ಅಥವಾ ಸುಮನೋರಮಾ ಸಭೆ ಎಂಬ ನಾಟಕ ಸಂಘ. ಹಂಪಿಯಿಂದ 60 ಕಿಲೋಮೀಟರ್ ದೂರದಲ್ಲಿ ಕೂತು ವಿಜಯನಗರದ ಪತನವನ್ನು ಆಡಿ ತೋರಿಸಿ, ಪಠಾಣನ ಪಾತ್ರಕ್ಕೆ ಹೆಸರಾದ ಈ ಹವ್ಯಾಸಿಗೆ ಸಿನಿಮಾದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಹಾಗಿದ್ದೂ ಯಾಕೆ ಹೋದರು? ಮೂರೇ ಚಿತ್ರಕ್ಕೆ ಯಾಕೆ ನಿಂತರು? ಉತ್ತರ ಸಿಗದಿದ್ದರೂ ಪರವಾಗಿಲ್ಲ, ಪ್ರಶ್ನೆಯನ್ನು ಓದುಗರ ಮುಂದೆ ಇಡಿ.

ರಾಘವ ಕಲಾಮಂದಿರ, 1981ರ ಅಂಚೆಚೀಟಿ ಇವಕ್ಕೆಲ್ಲ ಒಂದೊಂದು ಸಾಲು ಸಾಕು. ಒಟ್ಟು ಐದು ಪುಟ ಮೀರಬೇಡಿ. ಮೊದಲ ಸಾಲಿನಲ್ಲೇ ಅಜ್ಜ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತಿರಲಿ. ದಸರೆಯೊಳಗೆ ಕಳಿಸಿದರೆ ಈ ಸಂಚಿಕೆಗೇ ನೋಡುತ್ತೇನೆ.

ಅಜ್ಜ ಈಗಿಲ್ಲ, ಅವರ ತಂಗಿ ಕಂಪ್ಲಿಯಲ್ಲಿದ್ದಾರೆ, 90 ದಾಟಿದೆ ಎಂದೂ ಬರೆದಿದ್ದೀರಿ. ಅಣ್ಣನ ಬಾಯಲ್ಲಿ ಈ ಮಾತನ್ನು ಆಕೆಯೂ ಕೇಳಿರಬೇಕು. ಸಿರುಗುಪ್ಪದಿಂದ ಕಂಪ್ಲಿ ಏನು ಮಹಾ ದೂರ, ಬರುವ ಭಾನುವಾರವೇ ಹೋಗಿ ಬನ್ನಿ. ಫೋನಿನಲ್ಲಿ ಕೇಳಬೇಡಿ. ‘ಸಣ್ಣಗೆ ಅಂದ್ರ ಹೆಂಗ, ಅಜ್ಜಿ?’ ಎಂದು ಎದುರಿಗೆ ಕೂತು ಕೇಳಿ, ಆಕೆ ಕೈ ಹೇಗೆ ಮಾಡಿ ತೋರಿಸುತ್ತಾರೆ ನೋಡಿಕೊಂಡು ಬನ್ನಿ.

ಇಂತಿ,
ಸಂಪಾದಕ, ಬಳ್ಳಾರಿ