ಓದುಗರ ಪ್ರಶ್ನೆ: ಓದದ ಕಾಲೇಜಿಗೆ ಸಾಲ ನನ್ನ ಹೆಸರಲ್ಲಿ

ಪ್ರಶ್ನೆ: ಗ್ರೀನ್ ಕಾರ್ಡ್ ಪಡೆದು ನ್ಯೂಜೆರ್ಸಿಯಲ್ಲಿದ್ದೇನೆ. ಓದಿದ್ದೆಲ್ಲ ಮೈಸೂರಿನಲ್ಲಿ. ಬೇರೆ ರಾಜ್ಯದ ಕಮ್ಯುನಿಟಿ ಕಾಲೇಜೊಂದರಲ್ಲಿ ಓದಲು ತೆಗೆದ 9,500 ಡಾಲರ್ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಸಾಲದ ಕಂತು ಕಟ್ಟಿ ಎಂದು ಈಗ ಪತ್ರ ಬಂದಿದೆ. ಸಾಲದ ಇತಿಹಾಸ ಇಡುವ ಮೂರೂ ಬ್ಯೂರೋಗಳಲ್ಲಿ ಮೊದಲೇ ಕ್ರೆಡಿಟ್ ಫ್ರೀಜ್ (ಹೊಸ ಸಾಲ ಕೊಡುವವರಿಗೆ ಆ ಇತಿಹಾಸ ಕಾಣದಂತೆ ಬೀಗ) ಮಾಡಿಸಿದ್ದೆ, ಆದರೂ ಹೇಗಾಯಿತು? ಒಂದು ಕಂತು ಕಟ್ಟಿ ಆಮೇಲೆ ತಕರಾರು ಎತ್ತಲೇ?
– ಓದುಗರು, ಎಡಿಸನ್

ಉತ್ತರ: ಒಂದು ಡಾಲರನ್ನೂ ಕಟ್ಟಬೇಡಿ. ಕಂತು ಮುಂದೂಡಿ ಎಂಬ ಅರ್ಜಿಯೂ ಬೇಡ. ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತೆ ಕಾಣುತ್ತದೆ.

ಪದವಿ ಮಟ್ಟದ ಡೈರೆಕ್ಟ್ (ಸರ್ಕಾರವೇ ನೇರ ಕೊಡುವ) ಸಾಲಕ್ಕೆ ಕ್ರೆಡಿಟ್ ತಪಾಸಣೆಯೇ ಇಲ್ಲ, ಅದು ಹೆತ್ತವರು ತೆಗೆಯುವಂಥ ಪ್ಲಸ್ ಸಾಲಕ್ಕೆ ಮಾತ್ರ. ಹಾಗಾಗಿ ಫ್ರೀಜ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಳ್ಳರು ಶುಲ್ಕ ಕಡಿಮೆಯಿರುವ, ಆನ್‌ಲೈನ್ ತರಗತಿಯ ಕಾಲೇಜನ್ನೇ ಹುಡುಕುತ್ತಾರೆ. ಕಾಲೇಜು ಶುಲ್ಕ ಮುರಿದುಕೊಂಡು ಮಿಕ್ಕ ಹಣವನ್ನು 14 ದಿನದೊಳಗೆ ವಿದ್ಯಾರ್ಥಿಗೆ ಕೊಡಬೇಕು. ಅವರ ಕಣ್ಣು ಆ ಮಿಕ್ಕ ಹಣದ ಮೇಲೆ. 9,500 ಡಾಲರ್ ಎಂದರೆ ಸ್ವತಂತ್ರ (ಹೆತ್ತವರ ಆದಾಯ ಲೆಕ್ಕಕ್ಕೆ ಬಾರದ) ವಿದ್ಯಾರ್ಥಿಗೆ ಮೊದಲ ವರ್ಷ ಸಿಗುವ ಗರಿಷ್ಠ ಮೊತ್ತ, ಪೂರ್ತಿ ಎತ್ತಿದ್ದಾರೆ. ಓದು ಬಿಟ್ಟ ಮೇಲೂ 6 ತಿಂಗಳು ಕಂತು ಇರುವುದಿಲ್ಲವಾದ್ದರಿಂದ ಪತ್ರ ತಡವಾಗಿ ಬಂದಿದೆ.

ಪತ್ರದಲ್ಲಿರುವ ಲಿಂಕ್ ಒತ್ತದೆ ಸ್ಟೂಡೆಂಟ್‌ಏಯ್ಡ್ ಡಾಟ್ ಗವ್ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ಸಾಲ ನಿಜವೇ ಆಗಿದ್ದರೆ ಕಾಲೇಜಿನ ಹೆಸರು, ಹಣ ಬಿಡುಗಡೆಯಾದ ದಿನ, ಸಾಲ ನೋಡಿಕೊಳ್ಳುವ ಸರ್ವಿಸರ್ ಎಲ್ಲವೂ ಅಲ್ಲಿರುತ್ತವೆ. ಆಮೇಲೆ ಫೆಡರಲ್ ಟ್ರೇಡ್ ಕಮಿಷನ್‌ನ ಐಡೆಂಟಿಟಿಥೆಫ್ಟ್ ಡಾಟ್ ಗವ್‌ನಲ್ಲಿ ದೂರು ಬರೆದು ವರದಿ ಇಳಿಸಿಕೊಳ್ಳಿ, ಊರಿನ ಪೊಲೀಸರಲ್ಲೂ ಒಂದು ರಿಪೋರ್ಟ್ ಮಾಡಿಸಿ.

ಹೆಚ್ಚಿನವರು ನೇರ ಸರ್ವಿಸರ್‌ಗೆ ಫೋನ್ ಮಾಡುತ್ತ ಕೂರುತ್ತಾರೆ. ಮೊದಲು ಹಿಡಿಯಬೇಕಾದದ್ದು ಕಾಲೇಜಿನ ಫೈನಾನ್ಶಿಯಲ್ ಏಯ್ಡ್ ಕಚೇರಿಯನ್ನು. ವಂಚನೆ ಎಂದು ಒಪ್ಪಿ ಅವರು ಹಣವನ್ನು ಅಮೆರಿಕದ ಶಿಕ್ಷಣ ಇಲಾಖೆಗೆ ಮರಳಿಸಿದರೆ ಅಷ್ಟರ ಮಟ್ಟಿಗೆ ಸಾಲ ಅಲ್ಲೇ ವಜಾ. ಅರ್ಜಿ, ಸಹಿಯಾದ ಪ್ರಾಮಿಸರಿ ನೋಟ್ (ಸಾಲ ಪತ್ರ), ಮಿಕ್ಕ ಹಣ ಯಾವ ಖಾತೆಗೆ ಹೋಯಿತು ಎಂಬ ದಾಖಲೆ, ಇವನ್ನು ಬರಹದಲ್ಲೇ ಕೇಳಿ. ತರಗತಿ ಆನ್‌ಲೈನ್ ಆಗಿರುವಾಗ 'ನಾನು ನ್ಯೂಜೆರ್ಸಿಯಲ್ಲಿದ್ದೆ' ಎಂಬ ಸಾಕ್ಷ್ಯಕ್ಕೆ ಬೆಲೆ ಕಡಿಮೆ; ಹಣ ಸೇರಿದ ಖಾತೆ ನಿಮ್ಮದಲ್ಲ ಎಂಬುದೇ ಗಟ್ಟಿ.

ಅದರ ಜೊತೆಗೇ ಸರ್ವಿಸರ್‌ನಿಂದ 'ಫಾಲ್ಸ್ ಸರ್ಟಿಫಿಕೇಶನ್, ಐಡೆಂಟಿಟಿ ಥೆಫ್ಟ್' (ಗುರುತು ಕಳವು) ಎಂಬ ಸಾಲ ಮನ್ನಾ ಅರ್ಜಿ ತರಿಸಿ, ಟ್ರೇಡ್ ಕಮಿಷನ್, ಪೊಲೀಸ್ ಎರಡೂ ವರದಿ ಲಗತ್ತಿಸಿ ಕಳಿಸಿ. ತೀರ್ಮಾನವಾಗುವವರೆಗೆ ವಸೂಲಿ ನಿಲ್ಲಿಸಿ ಎಂದೂ ಬರೆಯಿರಿ. ಸುಮ್ಮನಿದ್ದರೆ 270 ದಿನಕ್ಕೆ ಡಿಫಾಲ್ಟ್, ಅಂದರೆ ಸುಸ್ತಿ. ಆಮೇಲೆ ಕೋರ್ಟ್ ಮೆಟ್ಟಿಲು ಹತ್ತದೆಯೇ ಕೈಗೆ ಬರುವ ಸಂಬಳದಲ್ಲಿ ಶೇ. 15ರವರೆಗೆ ಹಿಡಿಯಲು, ಟ್ಯಾಕ್ಸ್ ರಿಫಂಡ್ ತಡೆಯಲು ಸರ್ಕಾರಕ್ಕೆ ಅಧಿಕಾರವಿದೆ.

ಮೂರು ಬ್ಯೂರೋಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್‌ಗಳಿಗೆ ಬರೆಯುವಾಗ ಬರೀ 'ಡಿಸ್ಪ್ಯೂಟ್' (ತಕರಾರು) ಎನ್ನಬೇಡಿ, ಅದರ ತನಿಖೆಗೆ 30 ದಿನ ಹಿಡಿಯುತ್ತದೆ. ಟ್ರೇಡ್ ಕಮಿಷನ್ ವರದಿ ಮತ್ತು ಗುರುತಿನ ಪುರಾವೆ ಇಟ್ಟು 'ಬ್ಲಾಕ್' ಕೇಳಿದರೆ 4 ಕೆಲಸದ ದಿನಗಳಲ್ಲಿ ಆ ಸಾಲವನ್ನು ವರದಿಯಿಂದ ಮರೆಮಾಡಬೇಕು. ಡಿಸ್ಪ್ಯೂಟ್ ಪ್ರತಿಗಳು ಮನ್ನಾ ಅರ್ಜಿಗೂ ಸಾಕ್ಷ್ಯವಾಗುವುದರಿಂದ ಎರಡನ್ನೂ ಮಾಡಿ.

ಪ್ರಶ್ನೆ: ಮಗ ಅಮೆರಿಕದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದವನು, ಈಗ 17. ಕಾಲೇಜಿಗೆ ಅಲ್ಲಿಗೆ ಹೋಗುತ್ತಾನೆ. ನಾವೂ ಹೆದರಬೇಕೇ?
– ಜಯನಗರದ ತಂದೆ

ಉತ್ತರ: ವರ್ಷಗಟ್ಟಲೆ ಯಾರೂ ತಿರುಗಿ ನೋಡದ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕದ ಗುರುತಿನ ಸಂಖ್ಯೆ) ಕಳ್ಳರಿಗೆ ಬಲು ಇಷ್ಟ. ಅವನ ಕೈಯಲ್ಲೇ ಸ್ಟೂಡೆಂಟ್‌ಏಯ್ಡ್ ಖಾತೆ ಈಗಲೇ ತೆರೆಸಿ. ಆ ನಂಬರಿಗೆ ಖಾತೆ ಆಗಲೇ ಇದೆ ಎಂದು ಬಂದರೆ ಅದೇ ಮೊದಲ ಸುಳಿವು. ಯಾರೋ ಎತ್ತಿದ ಸಾಲ ಡಿಫಾಲ್ಟ್ ಆಗಿದ್ದರೆ ಅವನಿಗೆ ನೆರವು ಸಿಗುವುದಿಲ್ಲ. ಪೆಲ್ ಗ್ರಾಂಟ್ (ಮರಳಿಸಬೇಕಿಲ್ಲದ ಸರ್ಕಾರಿ ನೆರವು) ಎತ್ತಿದ್ದರೆ ಜೀವಮಾನದ 12 ಸೆಮಿಸ್ಟರ್ ಮಿತಿಯಲ್ಲೂ ಖೋತಾ. 16 ದಾಟಿದವನು ಕ್ರೆಡಿಟ್ ಫ್ರೀಜನ್ನು ತಾನೇ ಮಾಡಿಸಬಹುದು, ಉಚಿತ. ಫ್ರೀಜ್ ಈ ಫೆಡರಲ್ ಸಾಲವನ್ನು ತಡೆಯದಿದ್ದರೂ ಕಾರ್ಡ್, ಖಾಸಗಿ ಸಾಲಗಳನ್ನು ತಡೆಯುತ್ತದೆ.